ರಕ್ತನಾಳದಲ್ಲಿ ಸಂಸಾರ ಹೂಡುವ ಹುಳುಗಳು

ದೆಹಲಿ ಮಹಾನಗರದ ಅಂಚಿನ ಹಳ್ಳಿಗಳಲ್ಲಿ, ಗುರುಗ್ರಾಮ, ಸೋನಿಪತ್, ಘಾಜಿಯಾಬಾದ್ ಜಿಲ್ಲೆಗಳ ಕಡೆ, ಊರಿಗೊಂದು ಹೊಂಡವಿರುವುದು ವಾಡಿಕೆ. ಹರಿಯಾಣದ ಜನರು ಅದನ್ನು ಜೋಹಡ್ ಎಂದು ಕರೆಯುತ್ತಾರೆ. ಬೇಸಗೆಯ ಮಧ್ಯಾಹ್ನಗಳಲ್ಲಿ ಎಮ್ಮೆಗಳು ಕತ್ತಿನವರೆಗೆ ಮುಳುಗಿ ಅಲ್ಲಿಯೇ ಮಲಗಿರುತ್ತವೆ. ಹಸುಗಳು ದಡದಲ್ಲಿ ನಿಂತು ನೀರು ಕುಡಿಯುತ್ತವೆ. ದಡದ ಜೊಂಡಿನ ಬುಡವನ್ನು ಬಗ್ಗಿ ನೋಡಿದರೆ ನಾಣ್ಯದಂತೆ ಚಪ್ಪಟೆಯಾಗಿ ಸುರುಳಿ ಸುತ್ತಿದ ಚಿಪ್ಪಿನ ಕಂದು ಬಣ್ಣದ ಬಸವನಹುಳುಗಳು ಕಾಣಸಿಗುತ್ತವೆ. ಪ್ರಾಣಿಶಾಸ್ತ್ರಜ್ಞರು ಇದಕ್ಕೆ ಇಟ್ಟಿರುವ ಹೆಸರು ಇಂಡೊಪ್ಲಾನಾರ್ಬಿಸ್ ಎಕ್ಸಸ್ಟಸ್. ಕರ್ನಾಟಕದ ಕೆರೆ, ನಾಲೆ, ಭತ್ತದ ಗದ್ದೆಗಳಲ್ಲಿಯೂ ಇದೇ ಬಸವನಹುಳು ಹೇರಳವಾಗಿದೆ. ನಿರುಪದ್ರವಿಯಂತೆ ಕಾಣುವ ಈ ಜೀವಿಯ ಒಡಲಿನಲ್ಲಿ, ದನಕರುಗಳ ರಕ್ತನಾಳವನ್ನೇ ಮನೆ ಮಾಡಿಕೊಂಡು ವರ್ಷಗಟ್ಟಲೆ ಬದುಕುವ ಒಂದು ಪರೋಪಜೀವಿಯ ಬಾಲ್ಯ ಕಳೆಯುತ್ತದೆ. ಶಿಸ್ಟೊಸೋಮ ಎಂಬ ಈ ಚಪ್ಪಟೆಹುಳುವನ್ನು ಸಾಮಾನ್ಯವಾಗಿ ರಕ್ತಹುಳು ಎನ್ನಬಹುದು.

ಮನುಷ್ಯರನ್ನು ಕಾಡುವ ರಕ್ತಹುಳುವನ್ನು ಮೊದಲು ಗುರುತಿಸಿದವರು ಥಿಯೊಡೋರ್ ಬಿಲ್ಹಾರ್ಜ್ ಎಂಬ ಜರ್ಮನ್ ವೈದ್ಯರು. 1851ರಲ್ಲಿ, ಈಜಿಪ್ಟಿನ ಕೈರೋ ನಗರದಲ್ಲಿ. ಆದರೆ ರೋಗವು ಅದಕ್ಕಿಂತ ಎಷ್ಟೋ ಹಳೆಯದು. 1910ರಲ್ಲಿ ಮಾರ್ಕ್ ಆರ್ಮಂಡ್ ರಫರ್ ಅವರು ಮೂರು ಸಾವಿರ ವರ್ಷಗಳಷ್ಟು ಹಿಂದಿನ ಎರಡು ಈಜಿಪ್ಟ್ ಮಮ್ಮಿಗಳ ಮೂತ್ರಪಿಂಡಗಳಲ್ಲಿ ಈ ಹುಳುವಿನ ಮೊಟ್ಟೆಗಳನ್ನು ಕಂಡರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಜನರಿಗೆ ಈ ರೋಗದ ವಿರುದ್ಧ ಮುಂಜಾಗ್ರತೆಯ ಔಷಧಿ ನೀಡಬೇಕಾದ ಅಗತ್ಯವಿತ್ತು; ಅವರಲ್ಲಿ ಬಹುಪಾಲು ಜನ ಆಫ್ರಿಕ ಖಂಡದವರು. ಭಾರತದ ಮಟ್ಟಿಗೆ ಇದು ಪ್ರಧಾನವಾಗಿ ಜಾನುವಾರುಗಳ ರೋಗವಾಗಿಯೇ ಉಳಿದಿದೆ. ಬಹುಶಃ ಆ ಕಾರಣದಿಂದಲೇ ಇದಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

ಭಾರತದಲ್ಲಿ ಈ ಹುಳುಗಳ ಅಧ್ಯಯನ ಆರಂಭವಾದುದು ಪಶುವೈದ್ಯರಿಂದ. 1906ರಲ್ಲಿ ಮಾಂಟ್ಗೊಮರಿ ಎಂಬ ಪಶುವೈದ್ಯ ವಿಜ್ಞಾನಿ ಇಲ್ಲಿನ ಪ್ರಾಣಿಗಳಲ್ಲಿದ್ದ ಶಿಸ್ಟೊಸೋಮ ಇಂಡಿಕಂ ಮತ್ತು ಶಿಸ್ಟೊಸೋಮ ಸ್ಪಿಂಡೇಲ್ ಎಂಬ ಎರಡು ಪ್ರಭೇದಗಳನ್ನು ವರ್ಣಿಸಿದರು. ದಕ್ಷಿಣದ ರೈತರಿಗೆ ಹೆಚ್ಚು ಪರಿಚಿತವಾದದ್ದು ಮೂರನೆಯದು. ಅದು ದನಗಳ ಮೂಗಿನ ಒಳಪೊರೆಯ ರಕ್ತನಾಳಗಳಲ್ಲಿ ನೆಲೆಸುತ್ತದೆ. ಮೂಗಿನೊಳಗೆ ಹೂಕೋಸಿನಂತಹ ಗಡ್ಡೆಗಳು ಬೆಳೆದು, ಉಸಿರಾಡುವಾಗ ದನವು ಗೊರಕೆ ಹೊಡೆದಂತೆ ಸದ್ದು ಮಾಡುತ್ತದೆ. ಗೊರಕೆ ರೋಗವೆಂಬ ಹೆಸರು ಬಂದದ್ದು ಹೀಗೆ. 1930ರ ದಶಕದ ಆದಿಯಲ್ಲಿ ಆಗಿನ ಮದ್ರಾಸು ಪ್ರಾಂತದ ಪಶುವೈದ್ಯ ವಿಜ್ಞಾನಿ ಎಂ. ಅನಂತನಾರಾಯಣ ರಾವ್ ಅವರು ಈ ಹುಳುವಿನ ಸ್ವರೂಪವನ್ನು ವಿವರಿಸಿ, ಕರುಗಳಿಗೆ ಪ್ರಯೋಗಪೂರ್ವಕವಾಗಿ ಸೋಂಕು ತಗುಲಿಸಿಯೂ ತೋರಿಸಿದರು. ಶಿಸ್ಟೊಸೋಮ ನೇಸೇಲ್ ಎಂಬುದು ಅದರ ಹೆಸರು. ಕರ್ನಾಟಕ, ಆಂಧ್ರ, ತಮಿಳುನಾಡು, ಕೇರಳಗಳಲ್ಲಿ ಇದು ಇಂದಿಗೂ ಇದೆ. ರೋಗ ಬಲಿತ ಎತ್ತು ನೊಗಕ್ಕೆ ಕತ್ತು ಕೊಟ್ಟರೂ ಬೇಗ ಏದುಸಿರು ಬಿಡುತ್ತದೆ. ಹಸುವಿನ ಹಾಲು ಇಳಿಯುತ್ತದೆ. ವಿಚಿತ್ರವೆಂದರೆ ಅದೇ ಕೆರೆಯಲ್ಲಿ ಮುಳುಗಿ ಏಳುವ ಎಮ್ಮೆಗೆ ಸೋಂಕು ತಗುಲಿದರೂ ಗೊರಕೆ ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ. ನೋಡಲು ಆರೋಗ್ಯವಾಗಿರುವ ಎಮ್ಮೆಯೂ ಹೀಗೆ ಹುಳುವಿನ ಮೊಟ್ಟೆಗಳನ್ನು ನೀರಿಗೆ ಸೇರಿಸುತ್ತಿರಬಹುದು.

ಮನುಷ್ಯರ ವಿಷಯದಲ್ಲಿ ಭಾರತದ ವೈದ್ಯರು ಸದಾ ನೆನೆಯುವ ಊರು ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗಿಮ್ವಿ. ಅದು ಕೊಂಕಣದ ಒಂದು ಪುಟ್ಟ ಗ್ರಾಮ. ಅಲ್ಲಿನ ಜನರ ಮೂತ್ರದಲ್ಲಿ ರಕ್ತ ಹೋಗುತ್ತಿದ್ದುದಕ್ಕೆ ರಕ್ತಹುಳುವೇ ಕಾರಣವೆಂದು ಗಾಡ್ಗೀಳ್ ಮತ್ತು ಶಾ ಎಂಬ ವೈದ್ಯರು 1952ರಲ್ಲಿ ವರದಿ ಮಾಡಿದರು. ಅಲ್ಲಿಯವರೆಗೆ ಈ ರೋಗ ಭಾರತದ ನೆಲದಲ್ಲಿ ಬೇರೂರಲಾರದೆಂದೇ ಹೆಚ್ಚಿನವರು ಭಾವಿಸಿದ್ದರು. ಆಫ್ರಿಕದಲ್ಲಿ ಈ ಹುಳುವಿಗೆ ಆಶ್ರಯ ಕೊಡುವ ಬುಲೈನಸ್ ಜಾತಿಯ ಬಸವನಹುಳು ಇಲ್ಲಿಲ್ಲ. ಗಿಮ್ವಿಯಲ್ಲಿ ಆ ಪಾತ್ರ ವಹಿಸಿದ್ದು, ಕಲ್ಲಿಗೆ ಅಂಟಿಕೊಂಡು ಕೂರುವ, ಸುರುಳಿಯಿಲ್ಲದ ಚಿಪ್ಪಿನ ಫೆರಿಸಿಯ ಟೆನುವಿಸ್ ಎಂಬ ಅತಿಚಿಕ್ಕ ಜೀವಿಯೆಂದು ಆ ವೈದ್ಯರೇ ಮುಂದೆ ತಿಳಿಸಿದರು.

ಇಂತಹ ಹುಳುವಿನ ಜೀವನಚಕ್ರ ನೀರಿನಿಂದ ಆರಂಭವಾಗುತ್ತದೆ. ರೋಗಿಯ ಮಲ, ಮೂತ್ರ ಅಥವಾ ದನದ ಮೂಗಿನ ಸಿಂಬಳದೊಂದಿಗೆ ಹೊರಬಿದ್ದ ಮೊಟ್ಟೆಯು ದೇಹದೊಳಗಿನ ಉಪ್ಪಿನಂಶದಲ್ಲಿ ಒಡೆಯದೆ, ಸಿಹಿನೀರು ತಗುಲಿದ ಕೂಡಲೇ ಒಡೆಯುತ್ತದೆ. ಒಳಗಿನಿಂದ ಹೊರಬರುವ, ಮೈತುಂಬ ಸೂಕ್ಷ್ಮ ರೋಮಗಳುಳ್ಳ ಮರಿಗೆ ಮಿರಾಸಿಡಿಯಂ ಎಂದು ಹೆಸರು. ಅದರ ಆಯುಸ್ಸು ಸುಮಾರು ಒಂದು ದಿನ. ಅಷ್ಟರೊಳಗೆ ತಕ್ಕ ಬಸವನಹುಳುವನ್ನು ಹುಡುಕಿ ಅದರ ಮೈಯೊಳಗೆ ಹೊಕ್ಕರೆ ಬದುಕು, ಇಲ್ಲವಾದರೆ ಸಾವು. ಒಳಹೊಕ್ಕ ಒಂದೇ ಮರಿಯು ಬಸವನಹುಳುವಿನಲ್ಲಿ ಗಂಡುಹೆಣ್ಣಿನ ಸಂಪರ್ಕವೇ ಇಲ್ಲದೆ ತನ್ನನ್ನು ತಾನೇ ಮರುಮರಳಿ ವಿಭಜಿಸಿಕೊಂಡು, ಕೆಲವು ವಾರಗಳಲ್ಲಿ ಸಾವಿರಾರು ಸರ್ಕೇರಿಯಗಳಾಗುತ್ತದೆ. ಒಂದು ಮರಿಯಿಂದ ಹುಟ್ಟಿದ ಇವೆಲ್ಲವೂ ಒಂದೇ ಲಿಂಗದವು. ಇದಕ್ಕೆ ಬೆಲೆ ತೆರುವುದು ಬಸವನಹುಳು. ಅದರ ಸ್ವಂತ ಸಂತಾನಶಕ್ತಿ ಬಹುಮಟ್ಟಿಗೆ ನಾಶವಾಗಿ, ಅದರ ದೇಹ ಪರರ ಮಕ್ಕಳನ್ನು ಸಾಕುವ ತೊಟ್ಟಿಲಾಗುತ್ತದೆ.

ಸರ್ಕೇರಿಯಗಳು ಯಾವ ಹೊತ್ತಿಗೆ ನೀರಿಗಿಳಿಯುತ್ತವೆ ಎಂಬುದೂ ಆಕಸ್ಮಿಕವಲ್ಲ. ಮನುಷ್ಯರನ್ನು ಕಾಡುವ ಶಿಸ್ಟೊಸೋಮ ಮ್ಯಾನ್ಸೋನಿಯ ಮರಿಗಳು ಜನರು ನೀರಿನ ಬಳಿ ಹೆಚ್ಚಾಗಿರುವ ಹಗಲಿನಲ್ಲಿ ಹೊರಬರುತ್ತವೆ. ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದಲ್ಲಿ ಇಲಿಗಳಲ್ಲಿ ವಾಸಿಸಲು ಹೊಂದಿಕೊಂಡ ಅದೇ ಪ್ರಭೇದದ ಹುಳುಗಳು ಇಲಿಗಳು ಚುರುಕಾಗುವ ಸಂಜೆಯ ಹೊತ್ತನ್ನು ಆರಿಸಿಕೊಂಡಿರುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಕವಲುಬಾಲದ ಈ ಮರಿಗಳು ಏನನ್ನೂ ತಿನ್ನುವುದಿಲ್ಲ. ಹುಟ್ಟುವಾಗ ತಂದ ಬುತ್ತಿ ಒಂದೆರಡು ದಿನಗಳಲ್ಲಿ ಮುಗಿಯುತ್ತದೆ. ಚರ್ಮದ ಕೊಬ್ಬಿನಾಮ್ಲಗಳ ಸುಳಿವು ಸಿಕ್ಕೊಡನೆ ಅಂಟಿಕೊಂಡು, ಚರ್ಮವನ್ನು ಕರಗಿಸುವ ರಸಗಳನ್ನು ಸುರಿಸಿ, ಕೆಲವೇ ನಿಮಿಷಗಳಲ್ಲಿ ಒಳನುಗ್ಗುತ್ತವೆ. ಬಾಲ ಹೊರಗೇ ಉದುರಿಹೋಗುತ್ತದೆ. ಗಾಯ ಬೇಡ, ನೀರು ಕುಡಿಯಬೇಕೆಂದೂ ಇಲ್ಲ. ನೀರಿನಲ್ಲಿ ಕಾಲಿಟ್ಟರೆ ಸಾಕು.

ದನಗಳಿಗೋ ಹಕ್ಕಿಗಳಿಗೋ ಮೀಸಲಾದ ಸರ್ಕೇರಿಯಗಳು ದಾರಿತಪ್ಪಿ ಮನುಷ್ಯನ ಚರ್ಮವನ್ನು ಹೊಕ್ಕರೆ ಅಲ್ಲಿಯೇ ಸಾಯುತ್ತವೆ. ಆದರೆ ಸಾಯುವ ಮೊದಲು ತೀವ್ರ ತುರಿಕೆ, ಗುಳ್ಳೆಗಳನ್ನು ತರುತ್ತವೆ. ಅಸ್ಸಾಮಿನ ಭತ್ತದ ಗದ್ದೆಗಳಲ್ಲಿ ದುಡಿಯುವವರ ಕಾಲುತುರಿಕೆಗೆ ಇದೇ ಮೂಲವೆಂದು 1994ರಲ್ಲಿ ವೈದ್ಯವಿಜ್ಞಾನಿಗಳು ವರದಿ ಮಾಡಿದರು. ನಾಟಿಯ ಕಾಲದ ತುರಿಕೆಯನ್ನು ಕೆಸರಿನ ದೋಷವೆಂದೋ ಗೊಬ್ಬರದ ಕಾವೆಂದೋ ತಳ್ಳಿಹಾಕುವುದು ಎಲ್ಲೆಡೆಯ ರೂಢಿ. ಬಸವನಹುಳು ತುಂಬಿದ ಗದ್ದೆಯಾದರೆ ಈ ಕಾರಣವನ್ನೂ ವಿಚಾರಿಸುವುದು ಒಳಿತು.

ಸರಿಯಾದ ಆಶ್ರಯದಾತನ ದೇಹವನ್ನು ಹೊಕ್ಕ ಮರಿಯ ಕಥೆ ಬೇರೆ. ಅದು ಚರ್ಮದಿಂದ ರಕ್ತಕ್ಕೆ ಇಳಿದು, ಶ್ವಾಸಕೋಶವನ್ನು ದಾಟಿ, ಯಕೃತ್ತಿನ ಬಳಿಯ ರಕ್ತನಾಳಗಳಲ್ಲಿ ಬೆಳೆಯುತ್ತದೆ. ಅಲ್ಲಿಂದ ತನ್ನ ಪ್ರಭೇದಕ್ಕೆ ತಕ್ಕ ಜಾಗವನ್ನು, ಎಂದರೆ ಕರುಳಿನ, ಮೂತ್ರಕೋಶದ ಅಥವಾ ದನದ ಮೂಗಿನ ಅಭಿಧಮನಿಗಳನ್ನು ಸೇರುತ್ತದೆ. ಬೆಳೆದ ಹುಳು ಒಂದೆರಡು ಸೆಂಟಿಮೀಟರ್ ಉದ್ದವಿರುತ್ತದೆ. ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾದ ಪರಕೀಯ ಜೀವಿಯೊಂದು ರೋಗನಿರೋಧಕ ಶಕ್ತಿಯ ಹೆದ್ದಾರಿಯಾದ ರಕ್ತಪ್ರವಾಹದ ನಡುವೆಯೇ ಸಾಮಾನ್ಯವಾಗಿ ಮೂರರಿಂದ ಹತ್ತು ವರ್ಷ, ಕೆಲವೊಮ್ಮೆ ಮೂವತ್ತು ವರ್ಷಕ್ಕೂ ಮೀರಿ ಬದುಕುತ್ತದೆ! ಚರ್ಮಕ್ಕೆ ಚುಚ್ಚಿದ ಮುಳ್ಳನ್ನೂ ಸಹಿಸದೆ ಕೀವು ಕಟ್ಟಿಸುವ ದೇಹವು ಇದನ್ನು ಹೇಗೆ ಸಹಿಸಿತು?

ಉತ್ತರದ ಒಂದು ಎಳೆ ದೊರೆತದ್ದು ಲಂಡನ್ನಿನ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ. ಸ್ಮಿದರ್ಸ್, ಟೆರ್ರಿ ಮತ್ತು ಹಾಕ್ಲಿ ಎಂಬ ವಿಜ್ಞಾನಿಗಳು 1969ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾದರೂ ಚತುರವಾದದ್ದು. ಇಲಿಯಲ್ಲಿ ಬೆಳೆದ ಹುಳುಗಳನ್ನು ಕೋತಿಯ ರಕ್ತನಾಳಕ್ಕೆ ವರ್ಗಾಯಿಸಿದರೆ ಅವು ಬದುಕಿಕೊಳ್ಳುತ್ತವೆ. ಆದರೆ ಇಲಿಯ ರಕ್ತಕಣಗಳ ವಿರುದ್ಧ ಮೊದಲೇ ಪ್ರತಿಕಾಯಗಳನ್ನು ಬೆಳೆಸಿಕೊಂಡ ಕೋತಿಗೆ ಅದೇ ಹುಳುಗಳನ್ನು ವರ್ಗಾಯಿಸಿದಾಗ ಅವು ನಾಶವಾದವು. ಕೋತಿಯ ದೇಹ ಹುಳುವಿನ ಮೈಮೇಲೆ ಕಂಡದ್ದು ಹುಳುವನ್ನಲ್ಲ, ಇಲಿಯನ್ನು! ರಕ್ತಹುಳುವು ತಾನಿರುವ ಪ್ರಾಣಿಯ ರಕ್ತದ ಗುಂಪಿನ ಅಣುಗಳೇ ಮೊದಲಾದವುಗಳನ್ನು ತನ್ನ ಮೈಗೆ ಹೊದ್ದುಕೊಂಡು ಮನೆಯವನಂತೆ ನಟಿಸುತ್ತದೆ. ಹೊಸ ಮರಿಗೆ ಈ ಹೊದಿಕೆ ಇರುವುದಿಲ್ಲ. ಹೀಗಾಗಿ ಸೋಂಕಿತ ಕೋತಿಯ ದೇಹ ಹೊಸದಾಗಿ ನುಗ್ಗುವ ಮರಿಗಳನ್ನು ಕೊಲ್ಲುತ್ತದೆ, ಆಗಲೇ ನೆಲೆಸಿದ ಹಳೆಯ ಹುಳುಗಳನ್ನು ಮುಟ್ಟುವುದಿಲ್ಲ. ಮೊದಲು ಬಂದ ಬಾಡಿಗೆದಾರ ಮನೆ ಬಿಡುವುದಿಲ್ಲ, ಹೊಸಬರಿಗೆ ಬಾಗಿಲೂ ತೆರೆಯುವುದಿಲ್ಲ ಎಂಬಂತಾಯಿತು.

ಹೊದಿಕೆಯಷ್ಟೇ ಅಲ್ಲದೆ ಚರ್ಮವೂ ವಿಶೇಷವಾದದ್ದು. ಮರಿಯು ದೇಹವನ್ನು ಸೇರಿದ ಕೆಲವೇ ತಾಸುಗಳಲ್ಲಿ ಅದರ ಹೊರಮೈ ಇಮ್ಮಡಿ ಪೊರೆಯಾಗಿ ಮಾರ್ಪಡುತ್ತದೆ. ಬಳಿಕ ಅದನ್ನು ಸಿಹಿನೀರಿಗೆ ಹಾಕಿದರೆ ಬದುಕಲಾರದು. ಹಿಂದಿರುಗುವ ದಾರಿ ಮುಚ್ಚಿಹೋಗಿರುತ್ತದೆ. ಹೊರಪೊರೆ ಸವೆದಂತೆಲ್ಲ ಒಳಗಿನಿಂದ ಹೊಸದು ಬರುತ್ತದೆ. ಈ ದುರಸ್ತಿಯ ಮೂಲವು ತಿಳಿದದ್ದು ಈ ಶತಮಾನದಲ್ಲಿ. 2013ರಲ್ಲಿ ಅಮೆರಿಕದ ಜೇಮ್ಸ್ ಕಾಲಿನ್ಸ್ ಮತ್ತು ಸಹೋದ್ಯೋಗಿಗಳು ಬೆಳೆದ ಹುಳುವಿನ ದೇಹದಲ್ಲಿ ನಿರಂತರವಾಗಿ ವಿಭಜಿಸುವ ಆಕರಕೋಶಗಳನ್ನು ಗುರುತಿಸಿದರು. ಅವುಗಳಿಂದ ಹುಟ್ಟುವ ಹೆಚ್ಚಿನ ಕೋಶಗಳು ಈ ಹೊರಮೈಯ ನವೀಕರಣಕ್ಕೇ ಸಲ್ಲುತ್ತವೆ ಎಂಬುದು ಮುಂದಿನ ಅಧ್ಯಯನಗಳಿಂದ ತಿಳಿದುಬಂತು. ಹುಳುವಿನ ದೀರ್ಘಾಯುಸ್ಸಿನ ಗುಟ್ಟಿನಲ್ಲಿ ಇದೂ ಒಂದು.

ಇನ್ನು ಅದರ ದಾಂಪತ್ಯದ ವಿಚಾರ. ಚಪ್ಪಟೆಹುಳುಗಳಲ್ಲಿ ಬಹುತೇಕವು ದ್ವಿಲಿಂಗಿಗಳು; ಒಂದೇ ದೇಹದಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ. ರಕ್ತಹುಳುವಿನಲ್ಲಿ ಮಾತ್ರ ಗಂಡು ಬೇರೆ, ಹೆಣ್ಣು ಬೇರೆ. ಅಗಲವಾದ ಗಂಡು ತನ್ನ ಮೈಯ ಅಂಚುಗಳನ್ನು ಒಳಕ್ಕೆ ಮಡಿಸಿ ಉದ್ದಕ್ಕೂ ಒಂದು ತೋಡಿನಂತೆ ಮಾಡಿಕೊಳ್ಳುತ್ತದೆ. ದಾರದಂತೆ ಸಪೂರವಾದ ಹೆಣ್ಣು ಆ ತೋಡಿನೊಳಗೆ ಸೇರಿಕೊಂಡು ವರ್ಷಗಟ್ಟಲೆ ಅಲ್ಲಿಯೇ ಇರುತ್ತದೆ. ರಕ್ತದ ಸೆಳೆತಕ್ಕೆ ಎದುರಾಗಿ ಹೆಣ್ಣನ್ನು ಹೊತ್ತು ನಾಳದ ಕಿರಿದಾದ ತುದಿಗೆ ಒಯ್ಯುವುದು ಗಂಡಿನ ಸ್ನಾಯುಬಲ. ರಕ್ತ ಕುಡಿಯುವುದರಲ್ಲಿ ಮಾತ್ರ ಹೆಣ್ಣೇ ಮುಂದು. ಗಂಟೆಗೆ ಹೆಣ್ಣು ಸುಮಾರು ಮೂರು ಲಕ್ಷಕ್ಕೂ ಮೀರಿದ ಕೆಂಪು ರಕ್ತಕಣಗಳನ್ನು ನುಂಗಿದರೆ ಗಂಡು ನಲವತ್ತು ಸಾವಿರದ ಆಸುಪಾಸು ಎಂದು ಅಂದಾಜಿಸಲಾಗಿದೆ. ಜೀರ್ಣವಾದ ರಕ್ತದ ಕಪ್ಪು ವರ್ಣದ್ರವ್ಯ ಕರುಳಿನಲ್ಲಿ ತುಂಬಿರುವುದರಿಂದ ಹೆಣ್ಣುಹುಳು ಕಪ್ಪಾಗಿ ಕಾಣುತ್ತದೆ. ಮಲೇರಿಯಾದ ಪರೋಪಜೀವಿ ಉಳಿಸುವುದೂ ಇದೇ ವರ್ಣದ್ರವ್ಯವನ್ನು.

ಇಷ್ಟೊಂದು ಆಹಾರ ಬೇಕಾಗುವುದು ಮೊಟ್ಟೆಗಳಿಗಾಗಿ. ಮ್ಯಾನ್ಸೋನಿ ಪ್ರಭೇದದ ಒಂದು ಹೆಣ್ಣು ದಿನಕ್ಕೆ ಸುಮಾರು ಮುನ್ನೂರು ಮೊಟ್ಟೆಗಳನ್ನಿಡುತ್ತದೆ. ಪೂರ್ವ ಏಷ್ಯದ ಜಪೋನಿಕಂ ಪ್ರಭೇದದಲ್ಲಿ ಈ ಸಂಖ್ಯೆ ಸಾವಿರವನ್ನೂ ದಾಟುತ್ತದೆ. ಆದರೆ ಗಂಡಿನ ಸಂಗವಿಲ್ಲದ ಹೆಣ್ಣು ಪೂರ್ಣವಾಗಿ ಬೆಳೆಯುವುದೂ ಇಲ್ಲ, ಮೊಟ್ಟೆಯಿಡುವುದೂ ಇಲ್ಲ. ಗಂಡಿನಿಂದ ಹೆಣ್ಣಿಗೆ ದಾಟುವ ಆ ಸಂದೇಶ ಯಾವುದು ಎಂಬುದು ಬಹುಕಾಲ ಬಗೆಹರಿಯದ ಪ್ರಶ್ನೆಯಾಗಿತ್ತು. 2022ರಲ್ಲಿ ಅಮೆರಿಕದ ಜೇಮ್ಸ್ ಕಾಲಿನ್ಸ್ ಮೊದಲಾದವರು ಅದನ್ನು ಕಂಡುಹಿಡಿದರು. ಬೀಟಾ ಅಲನೈಲ್ ಟ್ರಿಪ್ಟಮೀನ್ ಎಂಬ ಪುಟ್ಟ ಅಣುವೊಂದೇ ಸಾಕು. ಪ್ರಯೋಗಶಾಲೆಯಲ್ಲಿ ಗಂಡಿಲ್ಲದ ಹೆಣ್ಣಿಗೆ ಅದನ್ನು ಒದಗಿಸಿದಾಗ ಅದು ಬೆಳೆದು ಮೊಟ್ಟೆಯಿಟ್ಟಿತು.

ಈ ಅವಲಂಬನೆಯನ್ನು ಮನುಷ್ಯರ ಹಿತಕ್ಕೆ ಬಳಸಿಕೊಂಡ ಉದಾಹರಣೆಯೂ ಇದೆ. ಹಾಲೆಂಡಿನ ಲೈಡನ್ ನಗರದಲ್ಲಿ ಹದಿನೇಳು ಮಂದಿ ಸ್ವಯಂಸೇವಕರು ಲಸಿಕೆಯ ಸಂಶೋಧನೆಗಾಗಿ ತಮ್ಮ ಚರ್ಮದ ಮೂಲಕ ಸರ್ಕೇರಿಯಗಳನ್ನು ಒಳಗೆ ಬಿಟ್ಟುಕೊಳ್ಳಲು ಒಪ್ಪಿದರು. ಒಂದೇ ಮಿರಾಸಿಡಿಯಂನಿಂದ ಹುಟ್ಟಿದವೆಲ್ಲ ಒಂದೇ ಲಿಂಗದವಾದ್ದರಿಂದ, ಕೇವಲ ಗಂಡುಗಳನ್ನೇ ಆರಿಸಿ ನೀಡುವುದು ಸಾಧ್ಯವಾಯಿತು. ಗಂಡುಗಳಷ್ಟೇ ಇದ್ದರೆ ಮೊಟ್ಟೆಯಿಲ್ಲ. ಇದರ ಫಲಿತಾಂಶ 2020ರಲ್ಲಿ ಪ್ರಕಟವಾಯಿತು.

ಮೊಟ್ಟೆಯಿಲ್ಲದಿರುವುದು ಏಕೆ ಅಷ್ಟು ಮುಖ್ಯ? ರೋಗವನ್ನು ತರುವುದು ಹುಳುವಿಗಿಂತ ಹೆಚ್ಚಾಗಿ ಅದರ ಮೊಟ್ಟೆ. ರಕ್ತನಾಳದೊಳಗೆ ಇಟ್ಟ ಮೊಟ್ಟೆ ನಾಳದ ಗೋಡೆ, ಕರುಳಿನ ಗೋಡೆಗಳನ್ನು ದಾಟಿ ಹೊರಬರಬೇಕು. ಮೊಟ್ಟೆಗೆ ಕಾಲಿಲ್ಲ. ಅದು ಸ್ರವಿಸುವ ರಸಗಳಿಗೆ ಕೆರಳಿ ದೇಹದ ರಕ್ಷಕಕೋಶಗಳು ಅದರ ಸುತ್ತ ಮುತ್ತುತ್ತವೆ. ಆ ಉರಿಯೂತವೇ ಮೊಟ್ಟೆಯನ್ನು ಅಂಗಾಂಶದ ಮೂಲಕ ಹೊರಕ್ಕೆ ನೂಕುತ್ತದೆ. ರೋಗನಿರೋಧಕ ಶಕ್ತಿ ಕುಂದಿಸಿದ ಇಲಿಗಳ ಮಲದಲ್ಲಿ ಮೊಟ್ಟೆಗಳು ಗಣನೀಯವಾಗಿ ಕಡಿಮೆಯಾದುದನ್ನು ಬ್ರಿಟಿಷ್ ವಿಜ್ಞಾನಿ ಡೋನ್‌ಹಾಫ್ ಮತ್ತು ಸಂಗಡಿಗರು 1978ರಲ್ಲಿ ತೋರಿಸಿದರು. ಕೆನ್ಯಾದಲ್ಲಿ ಎಚ್‌ಐವಿ ಸೋಂಕಿನಿಂದ ರಕ್ಷಕಕೋಶಗಳು ಇಳಿದ ರೋಗಿಗಳಲ್ಲಿಯೂ ಇದೇ ಕಂಡುಬಂತು. ತನ್ನನ್ನು ಕೊಲ್ಲಲು ಬಂದ ಸೈನ್ಯದ ಹೆಗಲೇರಿಯೇ ಹುಳುವಿನ ಸಂತಾನ ಕೋಟೆಯ ಹೊರಗೆ ಬರುತ್ತದೆ. ಪರೋಪಜೀವಿಗಳ ಚರಿತ್ರೆಯಲ್ಲಿ ಇದಕ್ಕಿಂತ ವಿಲಕ್ಷಣವಾದ ಅಧ್ಯಾಯಗಳು ವಿರಳ.

ಆದರೆ ಸರಿಸುಮಾರು ಅರ್ಧದಷ್ಟು ಮೊಟ್ಟೆಗಳು ಹೊರಬರುವುದೇ ಇಲ್ಲ. ರಕ್ತದೊಂದಿಗೆ ಕೊಚ್ಚಿಹೋಗಿ ಯಕೃತ್ತಿನಲ್ಲಿ ಸಿಕ್ಕಿಕೊಳ್ಳುತ್ತವೆ, ಇಲ್ಲವೇ ಕರುಳು, ಮೂತ್ರಕೋಶಗಳ ಗೋಡೆಯಲ್ಲೇ ಹೂತುಹೋಗುತ್ತವೆ. ಪ್ರತಿಯೊಂದರ ಸುತ್ತಲೂ ಗಂಟು ಕಟ್ಟಿ, ಗಂಟು ಗಟ್ಟಿಯಾಗಿ, ಕಾಲಾಂತರದಲ್ಲಿ ಯಕೃತ್ತು ಗಡುಸಾಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಮೂತ್ರಕೋಶವನ್ನು ಸೇರುವ ಹೆಮಟೋಬಿಯಂ ಪ್ರಭೇದವು ಅಲ್ಲಿ ಕ್ಯಾನ್ಸರ್ ತರಬಲ್ಲದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲಿಯೇ ಸಾರಿತು. ದನದ ಮೂಗಿನ ಗಡ್ಡೆಯೂ ಮೂಲತಃ ಇಂತಹ ಗಂಟುಗಳ ಗುಂಪೇ.

ಚಿಕಿತ್ಸೆಯ ಇತಿಹಾಸದಲ್ಲಿ ಒಂದು ದುಃಖದ ಪ್ರಕರಣವಿದೆ. ಈಜಿಪ್ಟಿನಲ್ಲಿ 1980ರ ದಶಕದ ಆದಿಯವರೆಗೆ ಟಾರ್ಟಾರ್ ಎಮೆಟಿಕ್ ಎಂಬ ಆಂಟಿಮನಿ ಔಷಧಿಯನ್ನು ಚುಚ್ಚುಮದ್ದಿನ ಮೂಲಕ ಲಕ್ಷಾಂತರ ಜನರಿಗೆ ಕೊಡಲಾಯಿತು. ಸಾಕಷ್ಟು ಶುದ್ಧೀಕರಿಸದ ಸೂಜಿಗಳನ್ನೇ ಮತ್ತೆ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಸಿ ವೈರಸ್ ಆ ದೇಶದಲ್ಲೆಲ್ಲ ಹರಡಿತು. ಒಂದು ಯಕೃತ್ ರೋಗವನ್ನು ಓಡಿಸಹೋಗಿ ಇನ್ನೊಂದನ್ನು ಆಹ್ವಾನಿಸಿದಂತಾಯಿತು. 1970ರ ದಶಕದಲ್ಲಿ ಬಂದ ಪ್ರಾಜಿಕ್ವಾಂಟೆಲ್ ಮಾತ್ರೆ ಸೂಜಿಯ ಅಗತ್ಯವನ್ನೇ ನಿವಾರಿಸಿತು. ಅದು ಹುಳುವಿನ ಸ್ನಾಯುಗಳನ್ನು ಸೆಟೆಸಿ, ಹೊರಮೈಯನ್ನು ಛಿದ್ರಗೊಳಿಸುತ್ತದೆ. ಹೊದಿಕೆ ಹರಿದ ಹುಳುವಿನ ನಿಜರೂಪ ಆಗ ದೇಹಕ್ಕೆ ಕಾಣುತ್ತದೆ. ಉಳಿದ ಕೆಲಸವನ್ನು ಪ್ರತಿಕಾಯಗಳು ಪೂರೈಸುತ್ತವೆ. ಪುಟ್ಟ ಮಕ್ಕಳಿಗೆ ಕೊಡಬಹುದಾದ ಇದರ ಹೊಸ ರೂಪಕ್ಕೆ 2023ರ ಡಿಸೆಂಬರಿನಲ್ಲಿ ಯೂರೋಪಿನ ಔಷಧಿ ಸಂಸ್ಥೆಯು ಅನುಕೂಲಕರ ಅಭಿಪ್ರಾಯ ನೀಡಿತು.

ದೆಹಲಿಯಲ್ಲಿರುವ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರಕ್ಕೆ ನೀರಿನಿಂದ ಬರುವ ಹುಳುವೊಂದನ್ನು ಗೆದ್ದ ಅನುಭವವಿದೆ. ಈ ಸಂಸ್ಥೆಗೆ 2009ಕ್ಕೆ ಮುಂಚೆ ರಾಷ್ಟ್ರೀಯ ಸಾಂಕ್ರಾಮಿಕ ರೋಗ ಸಂಸ್ಥೆಯೆಂದು ಹೆಸರಿತ್ತು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳನ್ನು ಪೀಡಿಸುತ್ತಿದ್ದ ನಾರುಹುಣ್ಣಿನ ವಿರುದ್ಧ 1983-84ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಹೊಣೆ ಇದರದ್ದಾಗಿತ್ತು. ಕಟ್ಟಕಡೆಯ ರೋಗಿ 1996ರ ಜುಲೈ ತಿಂಗಳಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದರು. 2000ದ ಫೆಬ್ರವರಿಯಲ್ಲಿ ಭಾರತವು ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಅಲ್ಲಿ ನೀರನ್ನು ಸೋಸಿ ಕುಡಿಯುವುದು, ಮೆಟ್ಟಿಲುಬಾವಿಗಳನ್ನು ಮಾರ್ಪಡಿಸುವುದು ಫಲ ಕೊಟ್ಟಿತು. ರಕ್ತಹುಳುವಿನ ಮೇಲೆ ಅದೇ ಅಸ್ತ್ರ ನಡೆಯುವುದಿಲ್ಲ. ಸೋಸಿದ ನೀರು ಕುಡಿದವನೂ ಕೆರೆಗಿಳಿಯುತ್ತಾನೆ. ದನವಂತೂ ಇಳಿಯದೆ ಇರದು.

ಆಫ್ರಿಕದಿಂದ ಬಂದ ವಿದ್ಯಾರ್ಥಿಗಳಲ್ಲಿ, ಪ್ರವಾಸಿಗಳಲ್ಲಿ, ಅಲ್ಲಿ ದುಡಿದು ಮರಳಿದ ಭಾರತೀಯರಲ್ಲಿ ರಕ್ತಹುಳುವಿನ ಸೋಂಕು ಇರುವ ಸಾಧ್ಯತೆಯನ್ನು ದೆಹಲಿಯಂತಹ ನಗರದ ವೈದ್ಯರು ಮರೆಯುವಂತಿಲ್ಲ. ಅಂತಹವರಿಂದ ಹುಳು ಯಮುನೆಯಲ್ಲಿ ನೆಲೆಯೂರೀತೇ ಎಂಬ ಅಂಜಿಕೆ ಸಹಜ. ಫ್ರಾನ್ಸಿನ ಕಾರ್ಸಿಕ ದ್ವೀಪದ ಕಾವು ನದಿಯಲ್ಲಿ ಮಿಂದವರು 2013ರಲ್ಲಿ ಹೀಗೆಯೇ ಸೋಂಕಿಗೊಳಗಾದರು. ಪಶ್ಚಿಮ ಆಫ್ರಿಕದಿಂದ ಬಂದ ಹುಳು ಅಲ್ಲಿ ಮೊದಲೇ ಇದ್ದ ಬುಲೈನಸ್ ಬಸವನಹುಳುವಿನಲ್ಲಿ ಆಶ್ರಯ ಪಡೆದಿತ್ತು. ಯಮುನೆಯಲ್ಲಿ ಬುಲೈನಸ್ ಇಲ್ಲದಿರುವುದೇ ಇಲ್ಲಿನವರಿಗೆ ದೊಡ್ಡ ರಕ್ಷಣೆ. ಗಿಮ್ವಿಯ ಉದಾಹರಣೆ ಇರುವುದರಿಂದ ಸಂಪೂರ್ಣ ನಿಶ್ಚಿಂತೆ ಮಾತ್ರ ಸಲ್ಲದು.

ದನ ಸಾಕುವವರು ಮಾಡಬಹುದಾದದ್ದು ಕಷ್ಟವೇನಲ್ಲ. ಕೆರೆಯ ಬದಲು ತೊಟ್ಟಿಯಲ್ಲಿ ನೀರು ಕುಡಿಸುವುದು, ದಡದ ಜೊಂಡನ್ನು ತೆಗೆಯುವುದು, ಬಸವನಹುಳು ತಿನ್ನುವ ಬಾತುಗಳನ್ನು ಸಾಕುವುದು ಇವುಗಳಲ್ಲಿ ಕೆಲವು. ಗೊರಕೆ ಹೊಡೆಯುವ ದನದ ಸಿಂಬಳವನ್ನು ಪಶುವೈದ್ಯರು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಾಗಿದ ಆಕಾರದ ಮೊಟ್ಟೆಗಳು ಸುಲಭವಾಗಿ ಗುರುತು ಸಿಗುತ್ತವೆ.

ವಿಕ್ಟೋರಿಯಾ ಅಥವಾ ಮಲಾವಿ ಸರೋವರದಲ್ಲಿ ಈಜಿ ಬಂದವರು ಆ ಸಂಗತಿಯನ್ನು ವೈದ್ಯರಿಗೆ ತಾವಾಗಿಯೇ ತಿಳಿಸಬೇಕಾಗುತ್ತದೆ. ಒಳಹೊಕ್ಕ ಹುಳು ಮೊಟ್ಟೆಯಿಡಲು ಪ್ರಭೇದಕ್ಕನುಗುಣವಾಗಿ ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ಮರಳಿದ ವಾರದಲ್ಲೇ ಮಾಡಿಸಿದ ಮಲಮೂತ್ರ ಪರೀಕ್ಷೆಯಲ್ಲಿ ಏನೂ ಕಾಣದು. ಪ್ರಾಜಿಕ್ವಾಂಟೆಲ್ ಎಳೆಯ ಹುಳುಗಳನ್ನು ಕೊಲ್ಲದಿರುವುದರಿಂದ, ಅವಸರದಲ್ಲಿ ಮಾತ್ರೆ ನುಂಗಿದವರು ಕೆಲವು ವಾರಗಳ ನಂತರ ವೈದ್ಯರ ಸಲಹೆಯಂತೆ ಇನ್ನೊಮ್ಮೆ ನುಂಗಬೇಕಾಗುತ್ತದೆ.